ಸಮಾಜ ಸೇವಕರು ಸಾಕು, ಶಾಲೆಗೊಬ್ಬ ಸಮಾಜ ಕಾರ್ಯಕರ್ತೆ ಬೇಕು

ಮುಂಬಯಿ ಕನ್ನಡಿಗರ ನಡುವೆ ಅತ್ಯಂತ ಸುಲಭವಾಗಿ ಸಿಗುವ ಬಿರುದು ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳಬಹುದು: ‘ಸಮಾಜ ಸೇವಕ’. ಯಾವ ಸಂಘದ ಆಮಂತ್ರಣ ಪತ್ರಿಕೆ ಬೇಕಾದರೂ ತೆಗೆದು ನೋಡಿ. ಅಧ್ಯಕ್ಷತೆ ಒಬ್ಬ ಸಮಾಜ ಸೇವಕರದ್ದು, ಉದ್ಘಾಟನೆ ಇನ್ನೊಬ್ಬ ಸಮಾಜ ಸೇವಕರಿಂದ, ಮುಖ್ಯ ಅತಿಥಿಗಳು ‘ಖ್ಯಾತ ಉದ್ಯಮಿ, ಕೊಡುಗೈ ದಾನಿ ಹಾಗೂ ಸಮಾಜ ಸೇವಕ’. ಹೋಟೆಲು ಇದ್ದವರು, ಟ್ರಾನ್ಸ್‌ಪೋರ್ಟ್ ಇದ್ದವರು, ಬಿಲ್ಡಿಂಗ್ ಕಟ್ಟಿಸುವವರು, ಎಲ್ಲರೂ ಸಮಾಜ ಸೇವಕರೇ. ನನಗೆ ಅವರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಅವರು ಕೊಟ್ಟ ದುಡ್ಡಿನಿಂದಲೇ ಈ ಊರಲ್ಲಿ ಎಷ್ಟೋ ಮಕ್ಕಳಿಗೆ ನೋಟ್‌ಬುಕ್ಕು ಸಿಕ್ಕಿದೆ, ಫೀಸು ಕಟ್ಟಿಯಾಗಿದೆ. ಅದನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ.

ನನ್ನ ತಕರಾರು ಬೇರೆ. ಈ ಒಂದು ಪದವನ್ನು ನಾವು ಬ್ಯಾನರಿಗೆ ಬರೆದು ಬರೆದು ಎಷ್ಟು ಸವೆಸಿಬಿಟ್ಟಿದ್ದೇವೆ ಅಂದರೆ, ಸಮಾಜಕಾರ್ಯ ಅನ್ನುವುದು ಓದಿ, ತರಬೇತಿ ಪಡೆದು, ಸಂಬಳ ತೆಗೆದುಕೊಂಡು ಮಾಡುವ ಒಂದು ವೃತ್ತಿ ಅನ್ನುವುದೇ ನಮಗೆ ಮರೆತುಹೋಗಿದೆ. ಡಾಕ್ಟರಿಕೆ ಹೇಗೆ ವೃತ್ತಿಯೋ, ಮೇಷ್ಟ್ರಿಕೆ ಹೇಗೆ ವೃತ್ತಿಯೋ, ಹಾಗೆ. ಎರಡು ವರ್ಷದ ಎಂ.ಎಸ್.ಡಬ್ಲ್ಯೂ. ಓದಿ ಬಂದ ಹುಡುಗಿಯೊಬ್ಬಳು “ನಾನು ಸೋಶಿಯಲ್ ವರ್ಕರ್” ಅಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ: “ಅದು ಸರಿ, ಕೆಲಸಕ್ಕೆ ಏನು ಮಾಡ್ತೀಯಮ್ಮ?”

ಈ ಮರೆವಿನ ಬೆಲೆ ಕಟ್ಟುತ್ತಿರುವವರು ಶಾಲೆಗೆ ಹೋಗುವ ಮಕ್ಕಳು. ಸುತ್ತುಬಳಸದೆ ಹೇಳಿಬಿಡುತ್ತೇನೆ. ನಮ್ಮ ಸಂಘಗಳು ಪ್ರತಿಭಾ ಪುರಸ್ಕಾರಕ್ಕೆ ಖರ್ಚು ಮಾಡುವ ಹಣದಲ್ಲಿ ಅರ್ಧವನ್ನಾದರೂ ಎತ್ತಿ, ಈ ಊರಿನ ಕನ್ನಡ ಮಕ್ಕಳು ಓದುವ ಶಾಲೆಗಳಿಗೆ ಒಬ್ಬ ತರಬೇತಾದ ಸಮಾಜ ಕಾರ್ಯಕರ್ತೆಯನ್ನು ನೇಮಿಸಬೇಕು. ಇಲ್ಲದಿದ್ದರೆ ‘ವಿದ್ಯಾಭಿವೃದ್ಧಿ’ ಅನ್ನುವ ಮಾತನ್ನು ನಮ್ಮ ಸಂಘಗಳ ಧ್ಯೇಯೋದ್ದೇಶಗಳಿಂದ ತೆಗೆದುಹಾಕುವುದೇ ಪ್ರಾಮಾಣಿಕತೆ.

ಮೊದಲು ಸ್ವಲ್ಪ ಇತಿಹಾಸ. ಇದನ್ನು ಅಮೆರಿಕದವರು ಹೇಳಿಕೊಟ್ಟ ಫ್ಯಾಷನ್ ಅಂತ ಮೂಗು ಮುರಿಯುವವರು ಇದ್ದಾರೆ. ಶಾಲೆಗೂ ಮನೆಗೂ ನಡುವೆ ಓಡಾಡುವ ‘ಭೇಟಿ ನೀಡುವ ಶಿಕ್ಷಕಿ’ಯರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ನ್ಯೂಯಾರ್ಕ್, ಬಾಸ್ಟನ್ ಕಡೆ ಶುರುವಾದದ್ದು ನಿಜ. ಅಲ್ಲೂ ಆಗ ಇದ್ದದ್ದು ನಮ್ಮದೇ ಪರಿಸ್ಥಿತಿ. ದುಡಿಯಲು ವಲಸೆ ಬಂದ ಜನ, ಶಾಲೆಯ ಭಾಷೆ ಗೊತ್ತಿಲ್ಲದ ಅಪ್ಪ ಅಮ್ಮ, ಕ್ಲಾಸಿನಿಂದ ಮಾಯವಾಗುವ ಮಕ್ಕಳು. ಆದರೆ ನಮ್ಮ ದೇಶದಲ್ಲಿ ಈ ವೃತ್ತಿಯ ಶಿಕ್ಷಣ ಹುಟ್ಟಿದ್ದು ಎಲ್ಲಿ ಗೊತ್ತೇ? ಇದೇ ಮುಂಬಯಿಯಲ್ಲಿ. ನಾಗಪಾಡದ ಓಣಿಗಳಲ್ಲಿ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅನ್ನುವವರ ಮುಂದಾಳತ್ವದಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ಶುರುವಾಯಿತು. ಈಗ ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ನಾವೆಲ್ಲ ‘ಟಿಸ್’ ಅನ್ನುವುದು, ಅದೇ. ಮರುವರ್ಷ, 1937ರಲ್ಲಿ, ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನೂ ತೆರೆದರು. 1955ರಲ್ಲಿ ಚರ್ಚ್‌ಗೇಟ್ ಹತ್ತಿರ ನಿರ್ಮಲಾ ನಿಕೇತನ ಬಂತು. ನಮ್ಮ ಮಂಗಳೂರಿನ ರೋಶನಿ ನಿಲಯ 1960ರದ್ದು. ಮಕ್ಕಳ ಸಹಾಯವಾಣಿ 1098 ಇದೆಯಲ್ಲ, ಅದು ಕೂಡ 1996ರಲ್ಲಿ ಟಿಸ್‌ನ ಒಂದು ಕ್ಷೇತ್ರಕಾರ್ಯ ಯೋಜನೆಯಾಗಿ ಇದೇ ಊರಲ್ಲಿ ಹುಟ್ಟಿದ್ದು. 2023ರಿಂದೀಚೆಗೆ ಅದು ಸರ್ಕಾರದ ಕೈಗೆ ಹೋಗಿದೆ. ‘ಪ್ರಥಮ್’ ಸಂಸ್ಥೆ ತೊಂಬತ್ತರ ದಶಕದ ನಡುವಿನಲ್ಲಿ ಇಲ್ಲಿನ ಝೋಪಡಪಟ್ಟಿಗಳ ಬಾಲವಾಡಿಗಳಿಂದ ಶುರುವಾದಾಗ ಮಾಧವ ಚವಾಣರ ಜೊತೆ ನಿಂತ ಫರೀದಾ ಲಾಂಬೆ, ನಿರ್ಮಲಾ ನಿಕೇತನದಲ್ಲಿ ಸಮಾಜಕಾರ್ಯ ಕಲಿಸುತ್ತಿದ್ದವರು.

ಅಂದರೆ ಈ ವಿದ್ಯೆಗೆ ಈ ಊರಲ್ಲಿ ತೊಂಬತ್ತು ವರ್ಷ ವಯಸ್ಸಾಯಿತು. ಗಂಗೆಯ ದಡದಲ್ಲಿ ಮನೆ ಮಾಡಿಕೊಂಡು ಬಾಯಾರಿಕೆ ಅನ್ನುವವರ ಹಾಗೆ ನಾವು ಮಾತ್ರ ಇದನ್ನು ಮುಟ್ಟಿಯೂ ನೋಡಿಲ್ಲ.

ಶಾಲೆಯಲ್ಲಿ ಆಕೆ ಏನು ಮಾಡುತ್ತಾಳೆ? ಇದನ್ನು ಸಿದ್ಧಾಂತದಲ್ಲಿ ಹೇಳುವುದಕ್ಕಿಂತ ಕಂಡದ್ದನ್ನೇ ಹೇಳುತ್ತೇನೆ. ಕೆಲವು ವರ್ಷ ನಾನು ನಮ್ಮ ಸಂಘದ ಶಿಕ್ಷಣ ಉಪಸಮಿತಿಯಲ್ಲಿದ್ದೆ. ಆಗ ಪಾಲಿಕೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋಗಿ ಬರುವುದಿತ್ತು. ನಿಮಗೆ ಗೊತ್ತಿರುವ ಹಾಗೆ ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಈಗ ಅಲ್ಲಿ ಓದುವವರು ಉಡುಪಿ, ಕುಂದಾಪುರದ ಮಕ್ಕಳಲ್ಲ. ಅವರ ಮೊಮ್ಮಕ್ಕಳು ಯಾವತ್ತೋ ಐಸಿಎಸ್‌ಇ ಸೇರಿದ್ದಾರೆ. ಈಗಿನ ಮಕ್ಕಳು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರ ಮಕ್ಕಳು.

ಆ ಶಾಲೆಯ ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ. ಲೆಕ್ಕದಲ್ಲಿ ಚುರುಕು. ದೀಪಾವಳಿ ರಜೆ ಕಳೆದ ಮೇಲೆ ವಾರಕ್ಕೆ ಎರಡು ದಿನ ಬರತೊಡಗಿದಳು, ಆಮೇಲೆ ಒಂದು ದಿನ, ಆಮೇಲೆ ಅದೂ ಇಲ್ಲ. ಟೀಚರು ಒಳ್ಳೆಯವರೇ. “ತಾಯಿಗೆ ಎರಡು ಸಲ ಹೇಳಿ ಕಳಿಸಿದ್ದೆ ಸಾರ್, ಬರಲೇ ಇಲ್ಲ. ಇವರಿಗೆ ಮಕ್ಕಳನ್ನು ಓದಿಸೋ ಮನಸ್ಸೇ ಇಲ್ಲ” ಅಂದರು. ಅಲ್ಲಿಗೆ ಆ ಹುಡುಗಿಯ ಕಥೆ ಮುಗಿಯಬೇಕಿತ್ತು. ಹಾಜರಿ ಪುಸ್ತಕದಲ್ಲಿ ಒಂದು ಸಾಲು ಕೆಂಪು ಗೆರೆ, ಅಷ್ಟೆ.

ಆ ವರ್ಷ ಶಾಲೆಗೆ ಸಮಾಜಕಾರ್ಯ ಕಾಲೇಜೊಂದರ ವಿದ್ಯಾರ್ಥಿನಿ ಕ್ಷೇತ್ರಕಾರ್ಯಕ್ಕೆಂದು ವಾರಕ್ಕೆ ಎರಡು ದಿನ ಬರುತ್ತಿದ್ದಳು. ಧಾರವಾಡ ಕಡೆಯವಳು, ಕನ್ನಡ ಬಲ್ಲವಳು. ಅವಳು ಮಾಡಿದ ಮೊದಲ ಕೆಲಸ, ತಾಯಿಯನ್ನು ಶಾಲೆಗೆ ಕರೆಸುವ ಬದಲು ತಾನೇ ಅವರ ಖೋಲಿಗೆ ಹೋದದ್ದು. ಅದೂ ರಾತ್ರಿ ಎಂಟು ಗಂಟೆಗೆ, ಕೂಲಿಯಿಂದ ತಿರುಗಿ ಬಂದ ಮೇಲೆ. ತಾಯಿ ಅಂದದ್ದು ಇಷ್ಟು: “ಕೂಸಿನ್ನ ಯಾರ ಬಲ್ಲಿ ಬಿಟ್ಟು ಹೋಗ್ಲಿ ಯವ್ವಾ? ನಾಕಾಕ್ಕ ಕರ್ಕೊಂಡು ಹೋದ್ರ ಮುಕಾದಮ ಕೆಲಸಾನೇ ಕೊಡಂಗಿಲ್ಲ.”

ಓದಿಸುವ ಮನಸ್ಸಿಲ್ಲದ್ದಲ್ಲ. ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಊರಿಗೆ ಹೋಗಿದ್ದಳು. ಅಂಗನವಾಡಿಗೆ ಹಾಕೋಣವೆಂದರೆ ಮಗುವಿನ ಜನನ ಪ್ರಮಾಣಪತ್ರ ಇಲ್ಲ ಅಂತ ಯಾರೋ ಹೆದರಿಸಿ ಕಳಿಸಿದ್ದರು. ಇನ್ನೊಂದು ವಿಷಯ ತಾಯಿಗೂ ಗೊತ್ತಿರಲಿಲ್ಲ, ಹುಡುಗಿ ಮೂರನೇ ಭೇಟಿಯಲ್ಲಿ ಹೇಳಿದಳು. ಬೆಳಗ್ಗೆ ಸಾರ್ವಜನಿಕ ಸಂಡಾಸದ ಸಾಲಿನಲ್ಲಿ ಒಬ್ಬ ಹಿಂದೆ ಬೀಳುತ್ತಿದ್ದ. ಶಾಲೆಯ ದಾರಿಯೂ ಅದೇ.

ಆ ಹುಡುಗಿ ಏನೂ ಪವಾಡ ಮಾಡಲಿಲ್ಲ. ಅಂಗನವಾಡಿ ಬಾಯಿಯ ಹತ್ತಿರ ಎರಡು ಸಲ ಹೋಗಿ ಕೂತು ಮಗುವಿನ ಹೆಸರು ಹಚ್ಚಿಸಿದಳು. ಅಂಗನವಾಡಿ ಬಿಡುವ ಹೊತ್ತಿಗೂ ತಾಯಿ ಮನೆಗೆ ಬರುವ ಹೊತ್ತಿಗೂ ನಡುವಿನ ಗಂಟೆಗಳಿಗೆ ಪಕ್ಕದ ಖೋಲಿಯ ಮುದುಕಿಯನ್ನು ಒಪ್ಪಿಸಿದಳು. ಆ ಪುಂಡನ ವಿಷಯವನ್ನು ಹುಡುಗಿಯ ಒಪ್ಪಿಗೆ ಕೇಳಿ ತಾಯಿಗೆ ಹೇಳಿದಳು, ಅವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದಳು. ಅದೇ ಗಲ್ಲಿಯ ಐದು ಹುಡುಗಿಯರನ್ನು ಸೇರಿಸಿ ಒಟ್ಟಿಗೇ ಹೋಗಿ ಬರುವ ಹಾಗೆ ಮಾಡಿದಳು. ಟೀಚರ ಹತ್ತಿರ ಕೂತು, ತಪ್ಪಿದ ಪಾಠಕ್ಕೆ ದಂಡನೆ ಬೇಡ, ಮಧ್ಯಾಹ್ನ ಅರ್ಧ ಗಂಟೆ ಕೊಡಿ ಅಂತ ಕೇಳಿಕೊಂಡಳು. ಜನವರಿಯಲ್ಲಿ ಹುಡುಗಿ ಕ್ಲಾಸಿನಲ್ಲಿದ್ದಳು.

ಈಗ ನೀವೇ ಹೇಳಿ, ಇದರಲ್ಲಿ ಯಾವ ಕೆಲಸವನ್ನು ನಮ್ಮ ನೋಟ್‌ಬುಕ್ ವಿತರಣೆ ಮಾಡಬಹುದಿತ್ತು? ಆ ಹುಡುಗಿಗೆ ನಾವು ಜೂನ್‌ನಲ್ಲಿ ಒಂದು ಡಜನ್ ನೋಟ್‌ಬುಕ್ ಕೊಟ್ಟಿದ್ದೆವು, ಫೋಟೋ ಸಮೇತ. ಅವಳಿಗೆ ಕಡಿಮೆಯಾದದ್ದು ನೋಟ್‌ಬುಕ್ ಅಲ್ಲ.

ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಮಾರ್ಚ್‌ನಲ್ಲಿ ಆ ವಿದ್ಯಾರ್ಥಿನಿಯ ಕ್ಷೇತ್ರಕಾರ್ಯ ಮುಗಿಯಿತು. ವರದಿ ಕೊಟ್ಟು, ಪರೀಕ್ಷೆ ಬರೆದು ಹೋದಳು. ಮುಂದಿನ ಜೂನ್‌ನಲ್ಲಿ ಆ ಕಾಲೇಜು ಬೇರೆ ಶಾಲೆಗೆ ಮಕ್ಕಳನ್ನು ಕಳಿಸಿತು. ನಮ್ಮ ಹುಡುಗಿ ಎಂಟನೇ ಕ್ಲಾಸಿನ ನಡುವೆ ಮತ್ತೆ ನಿಂತಳು. ಈ ಸಲ ಹೋಗಿ ಕೇಳುವವರು ಯಾರೂ ಇರಲಿಲ್ಲ. ಮಾಡಬಲ್ಲ ಕೈ ಇತ್ತು, ಮಾಡುವ ದಾರಿ ಗೊತ್ತಿತ್ತು, ಇಲ್ಲದೆ ಹೋದದ್ದು ಒಂದು ಹುದ್ದೆ, ಒಂದು ಸಂಬಳ. ಈ ಲೇಖನ ಬರೆಯುವಷ್ಟು ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ಇದನ್ನು ಸಂಘದಲ್ಲಿ ಎತ್ತಿದಾಗಲೆಲ್ಲ ಕೇಳಿಬರುವ ಮಾತುಗಳು ನಾಲ್ಕು. ಒಂದೊಂದಾಗಿ ನೋಡೋಣ.

ಮೊದಲನೆಯದು: “ಮೇಷ್ಟ್ರುಗಳು ಇದ್ದಾರಲ್ಲ, ಅವರೇ ನೋಡಿಕೊಳ್ಳಲಿ.” ಸ್ವಾಮಿ, ಪಾಲಿಕೆ ಶಾಲೆಯ ಒಬ್ಬ ಟೀಚರ ದಿನಚರಿ ಒಮ್ಮೆ ನೋಡಿ. ಪಾಠ, ಹಾಜರಿ, ಬಿಸಿಯೂಟದ ಲೆಕ್ಕ, ಆಧಾರ್ ಜೋಡಣೆ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ. ಚುನಾವಣೆ ಬಂದರೆ ಮತಗಟ್ಟೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಆದರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು! ಇಷ್ಟರ ಮೇಲೆ ರಾತ್ರಿ ಎಂಟಕ್ಕೆ ಖೋಲಿಗೆ ಹೋಗಿ ಅಂದರೆ ಅವರೂ ಮನುಷ್ಯರೇ, ಅವರೂ ವಿರಾರ್ ಲೋಕಲ್ ಹಿಡಿಯಬೇಕು.

ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಮಾರ್ಕು ಕೊಡುವವರ ಮುಂದೆ, ಹೊಡೆಯಬಲ್ಲವರ ಮುಂದೆ ಮಗು ಮನಸ್ಸು ಬಿಚ್ಚುವುದಿಲ್ಲ. ಹೊಡೆಯುವುದನ್ನು ಅದೇ ಕಾಯ್ದೆಯ 17ನೇ ಕಲಮು ನಿಷೇಧಿಸಿದೆ, ಗೊತ್ತು. ಆದರೆ ಮಗುವಿಗೆ ಕಲಮು ಗೊತ್ತಿಲ್ಲ, ಕೋಲು ಗೊತ್ತಿದೆ. ಇನ್ನು ಲೈಂಗಿಕ ಕಿರುಕುಳದಂಥ ವಿಷಯ ಬಂದರಂತೂ ಶಾಲೆ ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಷ್ಟು ಮುಖ್ಯೋಪಾಧ್ಯಾಯರಿಗೆ ಇದರ ವಿಧಾನ ಗೊತ್ತು? ಠಾಣೆಗೆ ಹೋಗುವಾಗ ಮಗುವಿನ ಜೊತೆ ಯಾರಿರಬೇಕು, ಮಕ್ಕಳ ಕಲ್ಯಾಣ ಸಮಿತಿ ಎಲ್ಲಿದೆ, ಮಗುವಿನ ಹೆಸರು ಹೊರಗೆ ಬರದಂತೆ ಹೇಗೆ ನೋಡಿಕೊಳ್ಳಬೇಕು, ಇದೆಲ್ಲ ಕಲಿತು ಬಂದವರ ಕೆಲಸ. ಒಳ್ಳೆಯ ಮನಸ್ಸೊಂದೇ ಸಾಲದು.

ಎರಡನೆಯದು: “ಕೌನ್ಸೆಲರ್ ಇಟ್ಟರೆ ಆಯ್ತಲ್ಲ.” ದೊಡ್ಡ ಫೀಸಿನ ಶಾಲೆಗಳಲ್ಲಿ ಈಗ ಕೌನ್ಸೆಲರ್ ಇದ್ದಾರೆ, ಇರಲಿ, ಸಂತೋಷ. ಸಿಬಿಎಸ್‌ಇಯ 2018ರ ನಿಯಮಾವಳಿಯಲ್ಲೇ ಅದು ಇದೆ. ಆದರೆ ಕೌನ್ಸೆಲರ್ ಕೂರುವುದು ಒಂದು ಕೋಣೆಯಲ್ಲಿ. ಮಗು ಅಲ್ಲಿಗೆ ಬಂದು ಹೇಳಿಕೊಳ್ಳಬೇಕು. ಶಾಲೆಗೇ ಬರದ ಮಗು ಆ ಕೋಣೆಗೆ ಹೇಗೆ ಬರುತ್ತದೆ? ಮಗುವಿನ ಮನಸ್ಸಿನಲ್ಲಿ ಗಂಟು ಇದ್ದರೆ ಬಿಡಿಸಲು ಮನಶ್ಶಾಸ್ತ್ರಜ್ಞರು ಬೇಕು, ಒಪ್ಪುತ್ತೇನೆ. ಆದರೆ ನೀರಿನ ಟ್ಯಾಂಕರು ಬೆಳಗ್ಗೆ ಹತ್ತಕ್ಕೆ ಬರುವುದು, ಅಪ್ಪ ಕುಡಿದು ಬರುವುದು, ಖೋಲಿ ಒಡೆದುಹಾಕಿದ್ದು, ಇವು ಮಗುವಿನ ಮನಸ್ಸಿನ ಗಂಟುಗಳಲ್ಲ. “ದೀರ್ಘವಾಗಿ ಉಸಿರು ಎಳೆದುಕೋ ಪುಟ್ಟಾ” ಅಂದರೆ ಟ್ಯಾಂಕರು ಬೇಗ ಬರುವುದಿಲ್ಲ. ಸಮಾಜ ಕಾರ್ಯಕರ್ತೆಯ ಕಾರ್ಯಕ್ಷೇತ್ರ ಮಗು ಮಾತ್ರವಲ್ಲ, ಮಗುವಿನ ಮನೆ, ಗಲ್ಲಿ, ವಾರ್ಡ್ ಆಫೀಸು, ಆಸ್ಪತ್ರೆ, ರೇಷನ್ ಅಂಗಡಿ, ಠಾಣೆ ಎಲ್ಲವೂ.

ಅದರಲ್ಲೂ ನಮ್ಮಂಥ ವಲಸಿಗರ ಮಕ್ಕಳಿಗೆ ಕಾಗದಪತ್ರದ ಗೋಳೇ ಒಂದು ಮಹಾಭಾರತ. ಊರ ಶಾಲೆಯ ಟಿ.ಸಿ. ಇಲ್ಲ ಅಂತ ಇಲ್ಲಿ ಸೇರಿಸಿಕೊಳ್ಳುವುದಿಲ್ಲ. ಇಲ್ಲಿನ ಲಿವಿಂಗ್ ಸರ್ಟಿಫಿಕೇಟಿನಲ್ಲಿ ಹೆಸರು ಮರಾಠಿ ಪದ್ಧತಿಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿ ಬರೆದಿದ್ದರೆ ಊರಿನಲ್ಲಿ ಅದು ಬೇರೆಯೇ ಮಗು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯೆಂದು ಸೌಲಭ್ಯ ಪಡೆಯುವ ಕುಟುಂಬ ದುಡಿಯಲು ಇಲ್ಲಿಗೆ ಬಂದರೆ, ಆ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರ ಸರ್ಕಾರದ ಮೀಸಲಾತಿಯ ಲಾಭ ಸಿಗುವುದಿಲ್ಲ. ಸುಪ್ರೀಂ ಕೋರ್ಟು 1990ರಿಂದಲೂ ಇದನ್ನೇ ಹೇಳುತ್ತ ಬಂದಿದೆ. ಇದು ತಿಳಿಯದೆ ಎಸ್ಸೆಸ್ಸಿ ಆದ ಮೇಲೆ ಕಾಲೇಜಿನ ಕಿಟಕಿಯ ಮುಂದೆ ನಿಂತು ಅತ್ತ ಮಕ್ಕಳನ್ನು ನಾನೇ ನೋಡಿದ್ದೇನೆ. ಇನ್ನೊಂದು ಕಡೆ, ಟಿ.ಸಿ. ತಡವಾಯಿತು ಅಂತ ಪ್ರವೇಶ ನಿರಾಕರಿಸಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು, ವಯಸ್ಸಿನ ದಾಖಲೆ ಇಲ್ಲ ಅಂತ ನಿರಾಕರಿಸಬಾರದು ಅಂತ 14ನೇ ಕಲಮು ಸ್ಪಷ್ಟವಾಗಿ ಹೇಳುತ್ತವೆ. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಾತ್ರಿಪಡಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ 9ನೇ ಕಲಮಿನಲ್ಲಿ ಬೇರೆಯಾಗಿಯೇ ಬರೆದಿದೆ. ಕಾನೂನು ಇದೆ. ಅದನ್ನು ಕೈಯಲ್ಲಿ ಹಿಡಿದು ಕಿಟಕಿಯ ಮುಂದೆ ಮಗುವಿನ ಪಕ್ಕದಲ್ಲಿ ನಿಲ್ಲುವ ಒಬ್ಬರು ಇಲ್ಲ.

ಮೂರನೆಯ ಮಾತು ನನಗೆ ಅತ್ಯಂತ ಪ್ರಿಯವಾದದ್ದು. ಇದನ್ನು ಹೇಳುವವರು ನಮ್ಮ ಹಿರಿಯರು, ಗೌರವಾನ್ವಿತರು. “ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮಾರಾಯ್ರೆ? ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ನಾವು ಮೇಲೆ ಬರಲಿಲ್ವಾ?”

ಬಂದಿರಿ ಅಣ್ಣ, ಖಂಡಿತ ಬಂದಿರಿ, ಅದಕ್ಕೆ ಕೈ ಮುಗಿಯುತ್ತೇನೆ. ಮೊಗವೀರರ, ಬಿಲ್ಲವರ ಸಂಸ್ಥೆಗಳೂ ಇತರ ಕನ್ನಡ ಸಂಘಗಳೂ ನಡೆಸಿದ ರಾತ್ರಿಶಾಲೆಗಳು ಮುಂಬಯಿ ಕನ್ನಡಿಗರ ಚರಿತ್ರೆಯ ಬಂಗಾರದ ಪುಟ. ನಾನೂ ಕೆಲವು ವರ್ಷ ಸಂಜೆ ಒಂದು ರಾತ್ರಿಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು. ಆದರೆ ಎರಡು ವಿಷಯ ಯೋಚಿಸಿ. ಒಂದು, ನಿಮ್ಮ ಜೊತೆ ಅದೇ ಬೆಂಚಿನಲ್ಲಿ ಕೂತು, ಏಳನೇ ಕ್ಲಾಸಿಗೆ ನಿಂತು, ಐವತ್ತು ವರ್ಷ ಲೋಟವನ್ನೇ ತೊಳೆದು ಊರಿಗೆ ಹೋಗಿ ಸತ್ತವನನ್ನು ನಾವು ಯಾವ ವೇದಿಕೆಗೂ ಕರೆದಿಲ್ಲ. ದಡ ಸೇರಿದವರೇ ಭಾಷಣ ಮಾಡುತ್ತಿದ್ದರೆ ನದಿ ಆಳವಿಲ್ಲ ಅಂತಲೇ ಅನ್ನಿಸುತ್ತದೆ.

ಎರಡನೆಯದು, ನಿಮಗೆ ಯಾರೂ ಇರಲಿಲ್ಲ ಅನ್ನುವುದೇ ಸರಿಯಲ್ಲ. ರಾತ್ರಿಶಾಲೆಯ ಮಾಸ್ತರರು ಹುಡುಗ ಮೂರು ದಿನ ಬರದಿದ್ದರೆ ನೆಟ್ಟಗೆ ಹೋಟೆಲಿಗೆ ಹೋಗಿ ಗಲ್ಲಾದ ಮುಂದೆ ನಿಲ್ಲುತ್ತಿದ್ದರು. “ಧಣಿಗಳೇ, ಪರೀಕ್ಷೆ ಹತ್ತಿರ ಬಂತು, ಹುಡುಗನನ್ನು ಏಳಕ್ಕೆ ಬಿಡಿ” ಅಂತ ಕೇಳುತ್ತಿದ್ದರು. ಧಣಿ ಗೊಣಗಿದರೂ ಬಿಡುತ್ತಿದ್ದರು, ಯಾಕೆಂದರೆ ಇಬ್ಬರೂ ಒಂದೇ ಊರಿನವರು, ಒಂದೇ ಜಾತ್ರೆಯವರು. ಹುಡುಗನಿಗೆ ಜ್ವರ ಬಂದರೆ ಅಡುಗೆ ಭಟ್ಟರು ಗಂಜಿ ಕೊಡುತ್ತಿದ್ದರು. ಊರಿಗೆ ಕಾಗದ ಬರೆದು ತಾಯಿಗೆ ವಿಷಯ ತಿಳಿಸುವವರು ಒಬ್ಬರು ಇದ್ದರು. ಇದೆಲ್ಲ ಶಾಲಾ ಸಮಾಜಕಾರ್ಯವೇ, ಹೆಸರು ಮಾತ್ರ ಇರಲಿಲ್ಲ. ಆ ಬಲೆ ಈಗ ಹರಿದಿದೆ. ಧಣಿ ಠಾಣೆಯ ಕಾಂಪ್ಲೆಕ್ಸಿನಲ್ಲಿದ್ದಾರೆ, ಮಾಸ್ತರರು ನಿವೃತ್ತರು, ಹೊಸದಾಗಿ ಬಂದ ಕೂಲಿಯವರಿಗೂ ನಮಗೂ ಊರು ಬೇರೆ, ಜಾತಿ ಬೇರೆ, ಕನ್ನಡದ ಧಾಟಿಯೇ ಬೇರೆ. ನಿಮ್ಮನ್ನು ದಡ ಮುಟ್ಟಿಸಿದ್ದು ಆ ಬಲೆ. ಅದು ಇವರಿಗೆ ಬೇಡ ಅನ್ನಲು ನಮಗೆ ಬಾಯಿ ಹೇಗೆ ಬರುತ್ತದೆ?

ಕೊನೆಯದು ದುಡ್ಡು. “ಒಬ್ಬರಿಗೆ ತಿಂಗಳು ತಿಂಗಳು ಸಂಬಳ ಎಲ್ಲಿಂದ ತರೋದು?” ಸಂಘದ ಲೆಕ್ಕಪತ್ರ ನಿಮ್ಮ ಕೈಯಲ್ಲೇ ಇರುತ್ತದೆ. ವಾರ್ಷಿಕೋತ್ಸವದ ಸಭಾಂಗಣದ ಬಾಡಿಗೆ, ಊಟ, ಧ್ವನಿವರ್ಧಕ, ಊರಿನಿಂದ ಬರುವ ಕಲಾವಿದರ ಪ್ರಯಾಣ, ಶಾಲು, ಹಾರ, ಫಲಕ, ಪತ್ರಿಕೆಯಲ್ಲಿ ಅಭಿನಂದನಾ ಜಾಹೀರಾತು, ಇಷ್ಟನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿ ನೋಡಿ. ನಾನು ಅಂಕಿ ಹೇಳುವುದಿಲ್ಲ, ನೀವೇ ಮಾಡಿ. ಒಂದು ಸಂಘಕ್ಕೆ ಭಾರವಾದರೆ ನಾಲ್ಕು ಸಂಘ ಸೇರಲಿ. ಅಧ್ಯಕ್ಷಗಿರಿಗೆ ಜಗಳ ಮಾಡಿ ಒಂದು ಸಂಘವನ್ನು ನಾಲ್ಕು ಮಾಡಲು ಬರುವ ನಮಗೆ, ಒಂದು ಸಂಬಳಕ್ಕೆ ನಾಲ್ಕನ್ನು ಒಂದು ಮಾಡಲು ಬರುವುದಿಲ್ಲವೇ?

“ಇದು ಸರ್ಕಾರದ ಕೆಲಸ, ಪಾಲಿಕೆಯ ಕೆಲಸ” ಅನ್ನುವವರೂ ಇದ್ದಾರೆ. ನೂರಕ್ಕೆ ನೂರು ನಿಜ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಎಷ್ಟು ಕೋಣೆ, ಆಟದ ಮೈದಾನ, ಅಡುಗೆಮನೆ, ಬೇಲಿ ಎಲ್ಲ ಇದೆ. ಆರರಿಂದ ಎಂಟನೇ ಕ್ಲಾಸಿನಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರೂ ಉಂಟು. ಸಮಾಜ ಕಾರ್ಯಕರ್ತರ ಸುದ್ದಿಯೇ ಇಲ್ಲ. ಮಕ್ಕಳ ಪ್ರವೇಶ, ಹಾಜರಿ, ಶಿಕ್ಷಣದ ಪೂರ್ಣಗೊಳಿಸುವಿಕೆಯ ಮೇಲೆ ಸ್ಥಳೀಯ ಸಂಸ್ಥೆ ನಿಗಾ ಇಡಬೇಕು ಅಂತ ಕಾಯ್ದೆ ಹೇಳಿತು. ಶಾಲೆಯಿಂದ ಹೊರಟು ಮನೆ ಬಾಗಿಲು ತಟ್ಟುವ ಕಾಲು ಯಾರದು ಅಂತ ಮಾತ್ರ ಹೇಳಲಿಲ್ಲ.

ಈಗ ಒಂದು ಬಾಗಿಲು ತೆರೆದಿದೆ. ವಿಶಾಖಪಟ್ಟಣದಲ್ಲಿ ನೀಟ್ ತಯಾರಿಯಲ್ಲಿದ್ದ ಹದಿನೇಳರ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಇಡೀ ದೇಶಕ್ಕೆ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು ಅಂದಿತು. ನೂರಕ್ಕಿಂತ ಕಡಿಮೆ ಇದ್ದಲ್ಲಿ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಂಡರೆ ಸಾಕು.

ಈ ಆದೇಶದಲ್ಲಿ ನಮ್ಮ ಕಣ್ಣು ಬೀಳಬೇಕಾದ ಜಾಗ ಎರಡು. ಒಂದು ಆ ‘ಅಥವಾ’. ಮೂವರಲ್ಲಿ ಯಾರಾದರೂ ಆಗಬಹುದು. ಕೂಲಿಯವರ ಮಕ್ಕಳು ಓದುವ ಶಾಲೆಗೆ ಮೂರನೆಯವರೇ ಬೇಕು ಅಂತ ನಾವು ಹಠ ಹಿಡಿಯಬೇಕು. ಇಲ್ಲದಿದ್ದರೆ ಏನಾಗುತ್ತದೆ ಅಂತ ಸರ್ಕಾರಿ ಕಚೇರಿ ಕಂಡವರಿಗೆಲ್ಲ ಗೊತ್ತು. ಇರುವ ಟೀಚರಿಗೇ ಎರಡು ದಿನದ ಶಿಬಿರ ಮಾಡಿ, ಬಾಗಿಲಿಗೆ ‘ಸಮಾಲೋಚನಾ ಕೊಠಡಿ’ ಅಂತ ಬೋರ್ಡು ಹೊಡೆದು, ಹಳೆಯ ಬೆಂಚು ಪೇರಿಸಿಡುತ್ತಾರೆ. ಇನ್ನೊಂದು ಆ ‘ನೂರು’. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳು ಸೊರಗುತ್ತಿರುವುದು ನಮಗೆ ಹೊಸ ಸುದ್ದಿಯಲ್ಲ. ನೂರು ದಾಟದ ಶಾಲೆಗೆ ಹುದ್ದೆಯೇ ಬೇಕಿಲ್ಲ. ಅಂದರೆ ಅತ್ಯಂತ ಬಡ, ಅತ್ಯಂತ ಒಂಟಿ ಮಕ್ಕಳಿರುವ ನಮ್ಮ ಪುಟ್ಟ ಶಾಲೆಗಳೇ ಲೆಕ್ಕದಿಂದ ಜಾರಿಹೋಗುತ್ತವೆ. ಅಲ್ಲಿ ಸಂಘ ಕೈ ಹಾಕದಿದ್ದರೆ ಇನ್ಯಾರು?

ಹಾಗಾಗಿ ಸರ್ಕಾರದ ಹುದ್ದೆಗೆ ಹೋರಾಡಬೇಕು, ಅದು ಬರುವವರೆಗೆ ನಾವು ಒಬ್ಬರನ್ನು ಇಡಬೇಕು. ಒಬ್ಬ ಕಾರ್ಯಕರ್ತೆ, ಮೂರು ನಾಲ್ಕು ಶಾಲೆ. ಕನ್ನಡ, ಮರಾಠಿ, ಹಿಂದಿ ಮೂರೂ ಬರಬೇಕು. ಮಂಗಳೂರು, ಧಾರವಾಡ, ಕಲಬುರಗಿಯಿಂದ ವರ್ಷ ವರ್ಷ ಎಂ.ಎಸ್.ಡಬ್ಲ್ಯೂ. ಮಾಡಿ ಕೆಲಸ ಹುಡುಕುವ ಮಕ್ಕಳಿದ್ದಾರೆ. ಆದರೆ ಕೆಲವು ಷರತ್ತು ನಾವು ನಮಗೇ ಹಾಕಿಕೊಳ್ಳಬೇಕು. ಆಕೆಗೆ ಸಂಬಳ ಕೊಡಬೇಕು, ‘ಗೌರವಧನ’ ಅಲ್ಲ. ಆಕೆಗೆ ಮಾರ್ಗದರ್ಶನ ಕೊಡಲು ಟಿಸ್ ಅಥವಾ ನಿರ್ಮಲಾ ನಿಕೇತನದ ಅನುಭವಿಯೊಬ್ಬರನ್ನು ಕೇಳಿಕೊಳ್ಳಬೇಕು. ಮಕ್ಕಳ ಹೆಸರು, ಮನೆ ವಿಷಯ ಕಾರ್ಯಕಾರಿ ಸಮಿತಿಯ ಚಹಾದ ಜೊತೆ ಬರಬಾರದು. ಅಧ್ಯಕ್ಷರಾದರೂ ಕೇಳುವಂತಿಲ್ಲ. ಆಕೆಯನ್ನು ವಾರ್ಷಿಕೋತ್ಸವದ ನಿರೂಪಣೆಗೆ, ರಶೀದಿ ಪುಸ್ತಕ ಹಂಚಲು, ಅತಿಥಿಗಳಿಗೆ ಹೂಗುಚ್ಛ ಕೊಡಲು ಕರೆಯಬಾರದು. ಮುಖ್ಯವಾಗಿ, ಫೋಟೋ ಇಲ್ಲ. ಶಾಲೆಗೆ ತಿರುಗಿ ಬಂದ ಮಗುವನ್ನು ವೇದಿಕೆಗೆ ಹತ್ತಿಸಿ “ಇವಳನ್ನು ನಾವು ಉಳಿಸಿದೆವು” ಅಂದ ದಿನ ಆ ಮಗು ಮತ್ತೆ ಶಾಲೆ ಬಿಡುತ್ತದೆ.

ಈ ಕೊನೆಯ ಷರತ್ತೇ ನಮಗೆ ಕಷ್ಟ ಅಂತ ನನಗೆ ಗೊತ್ತು. ಒಳ್ಳೆಯ ಸಮಾಜಕಾರ್ಯ ಹೊರಗೆ ಕಾಣುವುದಿಲ್ಲ. ತೊಂಬತ್ತೈದು ಪರ್ಸೆಂಟ್ ಬಂದ ಹುಡುಗನಿಗೆ ಹಾರ ಹಾಕಿದರೆ ಪತ್ರಿಕೆಯಲ್ಲಿ ಬರುತ್ತದೆ. ಅವನಿಗೆ ನಮ್ಮ ಅಗತ್ಯ ಇರಲಿಲ್ಲ, ಅವನು ಹೇಗೂ ಮುಂದೆ ಹೋಗುತ್ತಿದ್ದ. ಎಂಟನೇ ಕ್ಲಾಸಿನಲ್ಲಿ ನಿಂತುಹೋಗಬೇಕಿದ್ದವಳು ಒಂಬತ್ತನೇ ಕ್ಲಾಸಿಗೆ ಹೋದಳು ಅನ್ನುವುದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಅವಳಿಗೆ ಬಂದದ್ದು ನಲವತ್ತೆರಡು ಪರ್ಸೆಂಟ್. ಆದರೆ ವಿದ್ಯಾಭಿವೃದ್ಧಿ ಅನ್ನುವುದು ಏನಾದರೂ ಇದ್ದರೆ ಅದು ಅಲ್ಲೇ ಇದೆ.

ನಿಮ್ಮ ಸಂಘದ ವಾರ್ಷಿಕ ಮಹಾಸಭೆ ಯಾವಾಗ ನೋಡಿಕೊಳ್ಳಿ. ಮುಂಗಡಪತ್ರ ಓದುವಾಗ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: “ನಮ್ಮ ವಿಭಾಗದ ಕನ್ನಡ ಮಕ್ಕಳಲ್ಲಿ ಕಳೆದ ವರ್ಷ ಎಷ್ಟು ಜನ ಶಾಲೆ ಬಿಟ್ಟರು, ಯಾಕೆ?” ಉತ್ತರ ಬರುವುದಿಲ್ಲ. ಕಾರ್ಯದರ್ಶಿಗಳು ನೀರು ಕುಡಿಯುತ್ತಾರೆ. ಆಗ, ಆ ಉತ್ತರ ಹುಡುಕಿ ತರುವವರಿಗೆ ಒಂದು ವರ್ಷದ ಸಂಬಳ ಇಡಿ ಅಂತ ಠರಾವು ಮಂಡಿಸಿ. ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಓದುತ್ತಿರುವವರಿಗೂ ಇದೇ ಮಾತು. ಅಲ್ಲೂ ನಮ್ಮ ಕೂಲಿಯವರಿದ್ದಾರೆ, ಅವರ ಮಕ್ಕಳಿದ್ದಾರೆ, ಅಲ್ಲೂ ಸಂಘಗಳಿವೆ.

ಅನುಮೋದಿಸಲು ಒಬ್ಬರು ಬೇಕಾದರೆ ತಿಳಿಸಿ, ಮುಂಬಯಿಯೊಳಗೆ ಎಲ್ಲಿದ್ದರೂ ಬರುತ್ತೇನೆ. ಏನಂತೀರಿ?